ತೇರನ್ನು ನಿಲ್ಲಿಸುವವರು

2023ರ ದೀಪಾವಳಿಯ ರಾತ್ರಿ. ಕುರುಬರಹಳ್ಳಿಯ ನಮ್ಮ ಬೀದಿಯಲ್ಲಿ ತಂಗಿಯ ಮಗ ಸೀಸೆಯೊಳಗೆ ರಾಕೆಟ್ ನಿಲ್ಲಿಸಿಕೊಂಡು ಕಾಯುತ್ತಿದ್ದ. “ಗಾಳಿ ಎದ್ದಿದೆ ಮೇಷ್ಟ್ರೆ, ಇವತ್ತು ಬೇಡ” ಎಂದರು ಎದುರುಮನೆಯ ಹಿರಿಯಾಕೆ. “ಒಂದೇ ಒಂದು ಅಮ್ಮ, ಹುಡುಗ ಆಸೆಪಡ್ತಿದಾನೆ” ಎಂದೆ ನಾನು. ರಾಕೆಟ್ಟು ಮೇಲಕ್ಕೇರಿ, ಗಾಳಿಗೆ ಓರೆಯಾಗಿ, ಅವರ ಮಹಡಿಯಲ್ಲಿ ಒಣಹಾಕಿದ್ದ ಸೀರೆಯ ಮೇಲೆಯೇ ಬಿತ್ತು. ಸುಟ್ಟದ್ದು ಸೀರೆಯೊಂದೇ. ಆಸೆ ನಮ್ಮದು, ನಷ್ಟ ಅವರದು. ಈ ಲೆಕ್ಕ ನನ್ನನ್ನು ಇನ್ನೂ ಬಿಟ್ಟಿಲ್ಲ.

ಮರುವರ್ಷದ ಮೈಸೂರು ದಸರೆಯಲ್ಲಿ ಬನ್ನಿಮಂಟಪದ ಮೈದಾನದ ಮೇಲೆ 1,500 ಡ್ರೋನ್‌ಗಳು ಬೆಳಕಿನ ಚಿತ್ರಗಳನ್ನು ಬರೆದುವು. 2025ರಲ್ಲಿ ಅವುಗಳ ಸಂಖ್ಯೆ ಸುಮಾರು 3,000 ಆಯಿತು. ಮದ್ದಿನ ಹೊಗೆಯಿಲ್ಲ, ಕಿಡಿಯಿಲ್ಲ. ಕತ್ತಲೆಯಲ್ಲಿ ಯಂತ್ರ ಕಾಣುವುದಿಲ್ಲವಾದ್ದರಿಂದ ಅದಕ್ಕೆ ತೂಕವಿದೆಯೆಂಬುದನ್ನು ಮನಸ್ಸು ಮರೆಯುತ್ತದೆ. ಆದರೆ ಪ್ರತಿಯೊಂದು ದೀಪಕ್ಕೂ ಬ್ಯಾಟರಿಯುಂಟು, ತಿರುಗುವ ರೆಕ್ಕೆಗಳುಂಟು. ಒಂದೊಂದೂ ಉಪಗ್ರಹದ ಸಂಕೇತದಿಂದ ತನ್ನ ನೆಲೆಯನ್ನು ತಿಳಿದು, ಮೊದಲೇ ಗೊತ್ತುಮಾಡಿದ ದಾರಿಯಲ್ಲಿ ಹಾರುತ್ತದೆ. ದಾರಿ ತಪ್ಪಿ ಉರುಳಿದರೆ ಕಲ್ಲಿಗೂ ಅದಕ್ಕೂ ವ್ಯತ್ಯಾಸವಿಲ್ಲ.

2023ರ ಜುಲೈನಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಗಾಳಿ ಮಿತಿಮೀರಿ ಬೀಸಿ, 500 ಡ್ರೋನ್‌ಗಳಲ್ಲಿ 427 ಕೈತಪ್ಪಿಹೋದುವು. ಪ್ರದರ್ಶನ ನಡೆದದ್ದು ನೀರಿನ ಮೇಲೆ, ಯಾರಿಗೂ ಪೆಟ್ಟಾಗಲಿಲ್ಲ. 2024ರ ಡಿಸೆಂಬರ್ 21ರಂದು ಅಮೆರಿಕದ ಒರ್ಲ್ಯಾಂಡೊದಲ್ಲಿಯೂ ಕೆಳಗೆ ಸರೋವರವಿತ್ತು. ಆದರೂ ಡ್ರೋನ್‌ಗಳು ಒಂದಕ್ಕೊಂದು ತಾಗಿ ಬಿದ್ದು, ಅವುಗಳಲ್ಲಿ ಒಂದು ಏಳು ವರ್ಷದ ಬಾಲಕನ ಎದೆಗೆ ಬಡಿಯಿತು. ಅವನಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಹಾರಾಟದ ನೆಲೆಯ ಗುರುತು ಸರಿಹೊಂದಿರಲಿಲ್ಲ, ಕೊನೆಯ ಸೂಚನೆಗಳು ಎಲ್ಲ ಡ್ರೋನ್‌ಗಳಿಗೂ ತಲುಪಿರಲಿಲ್ಲ ಎಂದು ತನಿಖೆಯ ಪ್ರಾಥಮಿಕ ವರದಿ ಹೇಳಿತು.

ಹೊಣೆ ಹಾರಿಸುವವರದು; ಅದರಲ್ಲಿ ವಾದವಿಲ್ಲ. ಆದರೆ ಪ್ರಶ್ನೆ ಅಲ್ಲಿಗೇ ಮುಗಿಯುವುದೆ? ಬೆಟ್ಟ ಹತ್ತುವವನು ತಾನು ಬೀಳಬಹುದೆಂದು ಬಲ್ಲ. ಬಲ್ಲವನು ಒಪ್ಪಿದ ಅಪಾಯದ ಮಾತು ಬೇರೆ. ತಂದೆಯ ಹೆಗಲ ಮೇಲೆ ಕುಳಿತು ಆಕಾಶ ನೋಡುವ ಮಗು ಯಾವ ಅಪಾಯವನ್ನು ಒಪ್ಪಿದೆ? ಅದರ ಪರವಾಗಿ ಒಪ್ಪಿದವರು ನಾವು, ಅದೂ ಯೋಚಿಸದೆ.

ನಮ್ಮ ಜಾತ್ರೆಗಳಲ್ಲಿ ತೇರನ್ನೆಳೆಯುವವರು ನೂರಾರು ಮಂದಿ. ಗಾಲಿಗೆ ಮರದ ತುಂಡು ಕೊಟ್ಟು ನಿಲ್ಲಿಸುವವರು ನಾಲ್ಕಾರು ಮಂದಿ. ಜಯಕಾರ ಎಳೆಯುವವರಿಗೆ, ಜೀವ ಉಳಿಯುವುದು ನಿಲ್ಲಿಸುವವರಿಂದ. ಡ್ರೋನ್ ಪ್ರದರ್ಶನಕ್ಕೂ ಅಂಥವರು ಬೇಕು: ಗಾಳಿಯನ್ನಳೆದು, ಜನರನ್ನು ದೂರವಿರಿಸಿ, ಸಂದೇಹ ಬಂದರೆ “ಇವತ್ತು ಬೇಡ” ಎನ್ನಬಲ್ಲವರು. ನಮ್ಮಲ್ಲಿ 2021ರ ಡ್ರೋನ್ ನಿಯಮಾವಳಿಯೇನೋ ಉಂಟು. ಆದರೆ ಕಾದು ಕುಳಿತ ಸಾವಿರಾರು ಜನ ಕೂಗಾಡುವಾಗ ಆಟ ನಿಲ್ಲಿಸುವ ಧೈರ್ಯವನ್ನು ಯಾವ ನಿಯಮ ಕೊಟ್ಟೀತು? ಅದನ್ನು ಕೊಡಬೇಕಾದವರು ನಾವು. ಎರಡು ಗಂಟೆ ಕಾದು, ಏನನ್ನೂ ನೋಡದೆ, ಗೊಣಗದೆ ಮನೆಗೆ ಹೋಗಬಲ್ಲ ಪ್ರೇಕ್ಷಕನೂ ಆ ಮಗುವಿನ ಕಾವಲುಗಾರನೇ.

ದೀಪಾವಳಿಯ ಮರುದಿನ ಎದುರುಮನೆಗೆ ಹೊಸ ಸೀರೆ ಕೊಂಡೊಯ್ದೆ. “ಸೀರೆ ಇರಲಿ ಮೇಷ್ಟ್ರೆ, ಮುಂದಿನ ಸಲ ಮಾತು ಕೇಳಿ” ಎಂದರು ಆಕೆ.