ಮಗುವಿನ ಬರಹಕ್ಕೆ ಯಾವ ಅಳತೆಗೋಲು?

‘ನಮ್ಮ ಮಗು ಬರೆಯಲು ಸರಿಯಾಗಿ ಕಲಿಯುತ್ತಿದೆಯೇ?’ ಮಕ್ಕಳನ್ನು ಶಾಲೆಗೆ ಕಳಿಸುವವರು ಈ ಪ್ರಶ್ನೆಯನ್ನು ವರ್ಷಕ್ಕೆ ಎರಡು ಮೂರು ಸಲ, ಅಂಕಪಟ್ಟಿ ಕೈಗೆ ಬಂದಾಗ ಕೇಳಿಕೊಳ್ಳುತ್ತಾರೆ. ಮನೆಯಲ್ಲಿಯೇ ಪಾಠ ಹೇಳುವವರು ದಿನವೂ ಕೇಳಿಕೊಳ್ಳುತ್ತಾರೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಮನೆಶಿಕ್ಷಣವನ್ನು ಆರಿಸಿಕೊಂಡ ಕುಟುಂಬಗಳಿವೆ. ಆರಿಸಿಕೊಳ್ಳದವರಿಗೂ ಅದರ ಅನುಭವ ಒಮ್ಮೆ ಆಗಿದೆ. ಕೊರೋನಾದಿಂದಾಗಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೆಯ ತರಗತಿಗಳು ನಮ್ಮ ರಾಜ್ಯದಲ್ಲಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಆ ಒಂದೂವರೆ ವರ್ಷ ಪೀಣ್ಯದ ಒಂದು ಕೋಣೆಯ ಮನೆಗಳಲ್ಲಿಯೂ ಅಕ್ಷರ ತಿದ್ದಿಸುವ ಕೆಲಸ ತಾಯಿ, ತಂದೆ, ಇಲ್ಲವೆ ಅಕ್ಕನ ಪಾಲಿಗೆ ಬಂತು.

2009ರ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಕಲಿಯುವ ಹಕ್ಕನ್ನು ಕೊಟ್ಟಿದೆ. ಆದರೆ ಮನೆಶಿಕ್ಷಣ ಹೇಗೆ ನಡೆಯಬೇಕೆಂದು ಅದು ಹೇಳುವುದಿಲ್ಲ. 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬಹುದು. ಅಲ್ಲಿಯವರೆಗೆ ಮಗುವಿನ ಪುಸ್ತಕವನ್ನು ನೋಡಿ ಇದು ಸರಿ, ಇದು ತಪ್ಪು ಎನ್ನುವವರು ಬಹುಮಟ್ಟಿಗೆ ಹೆತ್ತವರೇ. ಇಲ್ಲಿಯೇ ನೈತಿಕ ಪ್ರಶ್ನೆ ಹುಟ್ಟುತ್ತದೆ. ಶಾಲೆಯಲ್ಲಿ ಬೈಸಿಕೊಂಡ ಮಗು ಸಂಜೆ ಮನೆಗೆ ಓಡಿ ಬಂದು ಅಮ್ಮನ ಸೆರಗು ಹಿಡಿಯುತ್ತದೆ. ಅಮ್ಮನೇ ಟೀಚರ್ ಆಗಿ, ಆಕೆಯ ಮುಖವೇ ಬಾಡಿದರೆ ಆ ಮಗು ಎಲ್ಲಿಗೆ ಓಡಬೇಕು?

ಸಂತ ಅಗಸ್ಟೀನರು ತಮ್ಮ ಬಾಲ್ಯವನ್ನು ನೆನೆದು ಬರೆದಾಗ ಅವರಿಗೆ ನಲವತ್ತು ದಾಟಿತ್ತು. ಪಾಠದಲ್ಲಿ ಹಿಂದೆ ಬಿದ್ದಾಗ ತಿಂದ ಪೆಟ್ಟುಗಳನ್ನು ಅವರು ಮರೆತಿರಲಿಲ್ಲ. ಆ ಪೆಟ್ಟುಗಳನ್ನು ಕಂಡು ಹಿರಿಯರು, ಹೆತ್ತವರು ಕೂಡ, ನಕ್ಕರೆಂಬುದನ್ನೂ ಮರೆತಿರಲಿಲ್ಲ. ಹೊರಗಿನವರ ತೀರ್ಪಿಗಿಂತ ಮನೆಯವರ ತೀರ್ಪು ಆಳಕ್ಕೆ ಇಳಿಯುತ್ತದೆ. ಆದ್ದರಿಂದ ಮನೆಯಲ್ಲಿ ಅಳತೆಗೋಲು ಹಿಡಿಯುವವರು ಅದು ಎಂಥದೆಂದು ಮೊದಲು ಪರೀಕ್ಷಿಸಿಕೊಳ್ಳಬೇಕು.

ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಒಂದು ಬಗೆಯ ಅಳತೆ ಚೆನ್ನಾಗಿ ಗೊತ್ತು. ಲೇತ್‌ನಿಂದ ಇಳಿದ ಜಾಬನ್ನು ವರ್ನಿಯರ್ ಹಿಡಿದು ನೋಡುತ್ತಾರೆ. ಅಳತೆ ಕೂಡಿದರೆ ಪಾಸು, ತಪ್ಪಿದರೆ ರಿಜೆಕ್ಟ್. ಕಬ್ಬಿಣಕ್ಕೆ ಅದು ನ್ಯಾಯ, ಏಕೆಂದರೆ ಇಳಿಸಿಟ್ಟ ಜಾಬು ಮತ್ತೆ ಬೆಳೆಯುವುದಿಲ್ಲ. ಮಗು ಬೆಳೆಯುತ್ತಲೇ ಇರುತ್ತದೆ. ಬೆಳೆಯುವುದನ್ನು ಅಳೆಯಬೇಕಾದರೆ ಅದು ಈಗ ಎಲ್ಲಿದೆ ಎಂಬುದರ ಜೊತೆಗೆ ಎಲ್ಲಿಂದ ಹೊರಟಿತ್ತು ಎಂಬುದೂ ತಿಳಿದಿರಬೇಕು.

ಒಂದು ಉದಾಹರಣೆ ನೋಡೋಣ. ಆರು ವರ್ಷದ ಮಗುವೊಂದು ಜೂನ್ ತಿಂಗಳಲ್ಲಿ ‘ಅಜಿಗೆ ಕಲು ನೊವು’ ಎಂದು ಬರೆಯಿತೆನ್ನಿ. ಮೂರು ಪದ, ಮೂರು ತಪ್ಪು. ಅದೇ ಮಗು ಸೆಪ್ಟೆಂಬರ್‌ನಲ್ಲಿ ಹೀಗೆ ಬರೆಯುತ್ತದೆ: ‘ಅಜಿಗೆ ಕಾಲು ನೋವು. ನಾನು ಎಣೆ ಹಚಿದೆ.’ ತಪ್ಪು ಎಣಿಸಿದರೆ ಈಗಲೂ ಮೂರೇ. ಕೆಂಪು ಶಾಯಿಯ ಲೆಕ್ಕದಲ್ಲಿ ಮೂರು ತಿಂಗಳು ವ್ಯರ್ಥವಾಯಿತು. ಆದರೆ ಕಣ್ಣಿಟ್ಟು ನೋಡಿ. ದೀರ್ಘಗಳೆರಡೂ ಸರಿಹೋಗಿವೆ. ಉಳಿದಿರುವುದು ಒತ್ತಕ್ಷರ ಮಾತ್ರ. ಅಜ್ಜಿ, ಎಣ್ಣೆ, ಹಚ್ಚಿದೆ - ಈ ಮೂರು ತಪ್ಪುಗಳಿಗೆ ಬೇಕಾಗಿರುವುದು ಒಂದೇ ಪಾಠ. ಇನ್ನೂ ದೊಡ್ಡ ಸಂಗತಿಯೆಂದರೆ ಮಗು ತನಗೆ ಗೊತ್ತಿಲ್ಲದ ಪದಗಳನ್ನು ಬರೆಯುವ ಧೈರ್ಯ ಮಾಡಿದೆ, ಏಕೆಂದರೆ ಅದಕ್ಕೆ ಹೇಳಬೇಕಾದ ಮಾತೊಂದಿತ್ತು. ತಪ್ಪಿಗೆ ಹೆದರುವ ಮಗು ಗೊತ್ತಿರುವ ಪದಗಳನ್ನೇ ತಿರುಗಿಸಿ ಮುರುಗಿಸಿ ಬರೆದು ಶುದ್ಧವಾದ ಪುಟವನ್ನು ಒಪ್ಪಿಸಬಹುದು. ಅಂಥ ಪುಟ ನಮ್ಮನ್ನು ಸುಲಭವಾಗಿ ಮೋಸಗೊಳಿಸುತ್ತದೆ.

ನಮ್ಮ ಲಿಪಿಯ ಸ್ವಭಾವವನ್ನೂ ನೆನಪಿನಲ್ಲಿಡಬೇಕು. ಇಂಗ್ಲಿಷಿನ 26 ಅಕ್ಷರ ಕಲಿತ ಮಗು ಕನ್ನಡದ 49 ಅಕ್ಷರಗಳನ್ನೂ ಅಷ್ಟೇ ಬೇಗ ಮುಗಿಸಲಿ ಎಂದು ಹಲವರು ಬಯಸುತ್ತಾರೆ. ಆದರೆ ವರ್ಣಮಾಲೆ ಮುಗಿದ ಮೇಲೆ ಕಾಗುಣಿತವಿದೆ, ಅದರ ಮೇಲೆ ಒತ್ತಕ್ಷರಗಳಿವೆ. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಅವರು ಕನ್ನಡ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಅಕ್ಷರಜ್ಞಾನ ಪೂರ್ಣವಾಗಲು ನಾಲ್ಕನೆಯ ತರಗತಿಯವರೆಗೂ ಸಮಯ ಹಿಡಿಯುತ್ತದೆ. ಹಾಗಿರುವಾಗ ಆರು ವರ್ಷದ ಮಗುವಿಗೆ ಒತ್ತು ತಪ್ಪಿತೆಂದು ನಿದ್ದೆಗೆಡುವುದು ಏಕೆ?

1995ರಲ್ಲಿ ಹೆಗ್ಗಡದೇವನಕೋಟೆಯ ಸರಕಾರಿ ಶಾಲೆಗಳಲ್ಲಿ ಆರಂಭವಾದ ನಲಿ-ಕಲಿ ಪದ್ಧತಿ ಈ ವಿಷಯದಲ್ಲಿ ನಮಗೆ ಮಾದರಿ. ಅಲ್ಲಿ ಕಲಿಕೆಯನ್ನು ಒಂದು ಏಣಿಯಾಗಿ ಜೋಡಿಸಿದ್ದಾರೆ. ಪ್ರತಿ ಮಗು ತನ್ನದೇ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಅಕ್ಷರಗಳೂ ಅ, ಆ, ಇ ಎಂಬ ಸಾಲಿನಲ್ಲಿ ಬರುವುದಿಲ್ಲ. ರ, ಗ, ಸ, ದ, ಅ ಎಂದು, ಬರೆಯಲು ಸುಲಭವಾದವುಗಳಿಂದ ಆರಂಭವಾಗುತ್ತವೆ. ಪಕ್ಕದ ಮಗು ಯಾವ ಮೆಟ್ಟಿಲಲ್ಲಿದೆ ಎಂಬುದಕ್ಕಿಂತ ಈ ಮಗುವಿನ ಮುಂದಿನ ಮೆಟ್ಟಿಲು ಯಾವುದು ಎಂಬುದೇ ಅಲ್ಲಿ ಮುಖ್ಯ.

ಹಾಗಾದರೆ ತಪ್ಪನ್ನು ತಪ್ಪೆನ್ನಲೇ ಬಾರದೆ? ಖಂಡಿತ ಅನ್ನಬೇಕು. ‘ನನ್ನ ಕಂದ ತನ್ನಷ್ಟಕ್ಕೆ ಕಲಿತಾನು’ ಎಂದು ಕಣ್ಣು ಮುಚ್ಚಿಕೊಳ್ಳುವುದು ಪ್ರೀತಿಯಲ್ಲ, ಅದು ಆಲಸ್ಯ, ಕೆಲವೊಮ್ಮೆ ಭಯ. ತಿಂಗಳುಗಳು ಕಳೆದರೂ ಮೊದಲಿನ ಪುಟ ಹಾಗೂ ಇಂದಿನ ಪುಟ ಒಂದೇ ರೀತಿ ಇದ್ದರೆ, ಬಾಯಲ್ಲಿ ಚೆನ್ನಾಗಿ ಕಥೆ ಹೇಳುವ ಮಗು ಎಂಟು ವರ್ಷವಾದರೂ ಎರಡು ಸಾಲು ಬರೆಯಲು ಹೆಣಗುತ್ತಿದ್ದರೆ, ತಡಮಾಡದೆ ಬಲ್ಲವರಿಗೆ ತೋರಿಸಿ. ಕಲಿಕೆಯ ನಿರ್ದಿಷ್ಟ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಗುರುತಿಸಿದೆ. ಅದನ್ನು ಪರೀಕ್ಷಿಸುವ ತಜ್ಞರು ನಮ್ಮದೇ ನಗರದ ನಿಮ್ಹಾನ್ಸ್‌ನಲ್ಲಿದ್ದಾರೆ. ಅದು ದಡ್ಡತನವೂ ಅಲ್ಲ, ಸೋಮಾರಿತನವೂ ಅಲ್ಲ. ಗುರುತಿಸದೆ ಬಿಟ್ಟರೆ ಮಾತ್ರ ಮಗು ತನ್ನನ್ನು ತಾನೇ ದಡ್ಡನೆಂದು ನಂಬಿಬಿಡುತ್ತದೆ.

ಕಣ್ಣು ಮುಚ್ಚಿಕೊಳ್ಳುವುದಕ್ಕೂ ಕೆಂಪು ಶಾಯಿ ಸುರಿಯುವುದಕ್ಕೂ ಅನೇಕ ವೇಳೆ ಮೂಲ ಒಂದೇ. ಮಗುವನ್ನು ಮನೆಯಲ್ಲಿಯೇ ಉಳಿಸಿಕೊಂಡ ನಿರ್ಧಾರವನ್ನು ಅತ್ತೆ ಮಾವ, ನೆಂಟರು, ನೆರೆಯವರು ಪ್ರಶ್ನಿಸುತ್ತಿರುತ್ತಾರೆ. ಅವರೆದುರು ನಾವು ಗೆಲ್ಲಬೇಕು. ಆಗ ಮಗುವಿನ ಪುಸ್ತಕ ನಮ್ಮ ಮೊಕದ್ದಮೆಗೆ ಸಾಕ್ಷಿಯಾಗುತ್ತದೆ. ಸಾಕ್ಷಿ ಚೆನ್ನಾಗಿದ್ದರೆ ಮೆರೆಯುತ್ತೇವೆ, ಕೆಟ್ಟಿದ್ದರೆ ಬಚ್ಚಿಡುತ್ತೇವೆ ಅಥವಾ ಗದರುತ್ತೇವೆ. ಎರಡರಲ್ಲಿಯೂ ನಾವು ಮಗುವನ್ನು ನೋಡುತ್ತಿಲ್ಲ, ನಮ್ಮನ್ನೇ ನೋಡಿಕೊಳ್ಳುತ್ತಿದ್ದೇವೆ. ಪುಸ್ತಕ ತೆರೆಯುವ ಮುನ್ನ ‘ಇದನ್ನು ನಾನು ಯಾರಿಗಾಗಿ ಅಳೆಯುತ್ತಿದ್ದೇನೆ?’ ಎಂದು ಕೇಳಿಕೊಂಡರೆ ಅರ್ಧ ಅನ್ಯಾಯ ಅಲ್ಲಿಯೇ ತಪ್ಪುತ್ತದೆ.

ಸಂತ ತೋಮಸ್ ಅಕ್ವಿನಾಸರು ಗುರುವನ್ನು ವೈದ್ಯನಿಗೆ ಹೋಲಿಸುತ್ತಾರೆ. ಗುಣವಾಗುವುದು ರೋಗಿಯೊಳಗಿನ ಪ್ರಕೃತಿಯಿಂದ, ವೈದ್ಯ ಅದಕ್ಕೆ ನೆರವಾಗುತ್ತಾನೆ. ಹಾಗೆಯೇ ಕಲಿಯುವುದು ಮಗುವಿನೊಳಗಿನ ಬುದ್ಧಿ, ಗುರು ಅದಕ್ಕೆ ನೆರವಾಗುತ್ತಾನೆ. ಒಳ್ಳೆಯ ವೈದ್ಯ ನಾಡಿ ಹಿಡಿಯುವುದು ರೋಗಿಯನ್ನು ಬೈಯುವುದಕ್ಕಲ್ಲ, ಮುಂದೇನು ಕೊಡಬೇಕೆಂದು ತಿಳಿಯುವುದಕ್ಕೆ.

ಆದ್ದರಿಂದ ಹೀಗೆ ಮಾಡಿ. ತಿಂಗಳಿಗೊಮ್ಮೆ ಮಗು ತಾನಾಗಿ ಬರೆದ ಒಂದು ಹಾಳೆಯನ್ನು ದಿನಾಂಕ ಹಾಕಿ ಎತ್ತಿಡಿ. ಮೂರು ತಿಂಗಳಿಗೊಮ್ಮೆ ಅವುಗಳನ್ನು ಮಗುವಿನ ಜೊತೆಗೇ ಕುಳಿತು ನೋಡಿ. ಏನು ಹೇಳಿದೆ ಎಂಬುದನ್ನು ಮೊದಲು ಓದಿ, ಹೇಗೆ ಬರೆದಿದೆ ಎಂಬುದನ್ನು ಆಮೇಲೆ ನೋಡಿ. ಒಂದು ಸಲಕ್ಕೆ ಒಂದೇ ಬಗೆಯ ತಪ್ಪನ್ನು ಆರಿಸಿ ಕಲಿಸಿ.

ಕನ್ನಡದಲ್ಲಿ ‘ತಿದ್ದು’ ಎಂಬ ಮಾತಿಗೆ ಎರಡು ಅರ್ಥವಿದೆ. ದೊಡ್ಡವರು ತಪ್ಪನ್ನು ಸರಿಪಡಿಸುವುದೂ ತಿದ್ದುವುದೇ, ಮಗು ಸ್ಲೇಟಿನ ಮೇಲೆ ಬರೆದ ಅಕ್ಷರದ ಮೇಲೆಯೇ ಮತ್ತೆ ಮತ್ತೆ ಬಳಪ ಆಡಿಸುವುದೂ ತಿದ್ದುವುದೇ. ನಮ್ಮ ತಿದ್ದುವಿಕೆ ಎಷ್ಟೇ ಸರಿಯಾಗಿರಲಿ, ಅದಾದ ಮೇಲೆ ಮಗು ಮತ್ತೆ ಬಳಪ ಹಿಡಿಯಲು ಕೈ ಚಾಚಬೇಕು. ಕೈ ಹಿಂದಕ್ಕೆ ಎಳೆದುಕೊಂಡರೆ, ಬದಲಾಗಬೇಕಾದದ್ದು ನಮ್ಮ ಅಳತೆಗೋಲು.