ಮೊಲಕ್ಕೆ ಬಿಟ್ಟ ಅಂಕಣ

ಗೃಹಸ್ಥರ ಅಹಿಂಸಾವ್ರತಕ್ಕೆ ಐದು ಅತಿಚಾರಗಳನ್ನು ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಹೊರಲಾರದಷ್ಟು ಹೇರುವುದು, ಹೊತ್ತಿಗೆ ಕೂಳು ನೀರು ಕೊಡದಿರುವುದು. ಕೊಲ್ಲುವ ಮಾತು ಇದರಲ್ಲಿಲ್ಲ. ಎಂದೂ ಕೊಲ್ಲದವರು ಕೂಡ ದಿನಬೆಳಗಾದರೆ ಮಾಡುವ ತಪ್ಪುಗಳಿವು. ನಾನು ಹುಟ್ಟಿದ್ದು ಲಕ್ಷ್ಮೇಶ್ವರದ ನೇಕಾರರ ಮನೆಯಲ್ಲಿ. ನಾವು ಜೈನರಲ್ಲ. ಆದರೂ ಭಾದ್ರಪದದ ದಶಲಕ್ಷಣ ಪರ್ವ ಬಂದರೆ ಶಂಖ ಬಸದಿಯ ಕಡೆಯ ಗೆಳತಿಯರ ಸಂಗಡ ಪ್ರವಚನಕ್ಕೆ ಹೋಗಿ ಕೂರುತ್ತಿದ್ದೆ. ಹತ್ತು ದಿನ, ಸೂತ್ರದ ಹತ್ತು ಅಧ್ಯಾಯ. ಏಳನೆಯ ದಿನ ವ್ರತಗಳ ಅಧ್ಯಾಯ.

ಐದರಲ್ಲಿ ನಾಲ್ಕನ್ನು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ತಿಳಿಯದ್ದು ಮೊದಲನೆಯದೇ. ಎತ್ತು ಕಟ್ಟದೆ ಒಕ್ಕಲುತನ ನಡೆಯುವುದು ಹೇಗೆ, ಎಮ್ಮೆ ಕಟ್ಟದೆ ಹೈನ ಎಲ್ಲಿಂದ? ಹಿಂದಿನ ವ್ಯಾಖ್ಯಾನಕಾರರಿಗೂ ಈ ತೊಡಕು ಕಂಡಿತ್ತು. ಅವರು ಕಟ್ಟುವುದರಲ್ಲೇ ಎರಡು ಬಗೆ ಮಾಡಿದರು. ಪ್ರಾಣಿಯ ಗೊಡವೆಯಿಲ್ಲದೆ ಬಿಗಿದು ಕಟ್ಟುವುದು ಒಂದು, ಅದರ ಮೇಲೆ ಲಕ್ಷ್ಯವಿಟ್ಟು ಸಡಿಲಾಗಿ ಕಟ್ಟುವುದು ಇನ್ನೊಂದು. ಎರಡನೆಯದರ ಗುರುತೇನೆಂದರೆ, ಬೆಂಕಿ ಬಿದ್ದಾಗ ಸುಲಭವಾಗಿ ಬಿಚ್ಚಿ ದನ ಪಾರಾಗುವಂತಿರಬೇಕು ಆ ಗಂಟು. ಮೋಕ್ಷದ ಮಾತಾಡುವ ಶಾಸ್ತ್ರ ದನದ ಕೊರಳಿನ ಹಗ್ಗದ ಗಂಟಿನವರೆಗೆ ಇಳಿದು ಬಂದಿತಲ್ಲ, ಅದಕ್ಕೆ ನಾನು ಕೈಮುಗಿಯುತ್ತೇನೆ.

ಶಿಗ್ಲಿಗೆ ಸೊಸೆಯಾಗಿ ಬಂದ ಮೇಲೆ ಕಂಡಿಕೆ ಸುತ್ತುವುದರಲ್ಲಿ, ಮಕ್ಕಳನ್ನು ಬೆಳೆಸುವುದರಲ್ಲಿ ಈ ಪ್ರಶ್ನೆ ಹಿಂದೆ ಬಿದ್ದಿತ್ತು. ಅದನ್ನು ಮತ್ತೆ ಎದುರಿಗೆ ತಂದು ನಿಲ್ಲಿಸಿದ್ದು ಎರಡು ಮೊಲ. ಹುಬ್ಬಳ್ಳಿಯಲ್ಲಿ ಓದುವ ನಮ್ಮ ಮೈದುನನ ಮಗ ಅವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. "ದೊಡ್ಡವ್ವಾ, ರೂಮಿನ ಮಾಲಕರು ಬ್ಯಾಡ ಅಂತಾರ. ಪಂಜರ ಐತಿ, ಒಂದು ಮೂಲ್ಯಾಗ ಇಟ್ಟುಬಿಡ್ರಿ, ಸಾಕು" ಅಂದ. ಪಂಜರ ಅಂಗಡಿಯವರೇ ಕೊಟ್ಟದ್ದು, ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ತಳವೂ ತಂತಿಯದೇ. ಕೊಂಡಾಗ ಅವು ಬೊಗಸೆಯಲ್ಲಿ ಹಿಡಿಸುವ ಮರಿಗಳಂತೆ. ಕೆಂಪು ಕಣ್ಣಿನ ಬಿಳಿ ಮೊಲಗಳ ಒಂದು ತಳಿಯಾದ ನ್ಯೂಜಿಲೆಂಡ್ ವೈಟ್ ಬೆಳೆದರೆ ನಾಲ್ಕೈದು ಕಿಲೋ ತೂಗುತ್ತದೆ. ನಮ್ಮ ಮನೆಗೆ ಬಂದಾಗ ಒಂದು ಮಲಗಿದರೆ ಇನ್ನೊಂದು ಕೂತೇ ಇರಬೇಕಾಗಿತ್ತು.

ಜನ್ನ 1209ರಲ್ಲಿ ಬರೆದ ಯಶೋಧರ ಚರಿತೆಯ ಕಥೆ ನಮ್ಮ ಕಡೆ ಬಹಳ ಮಂದಿಗೆ ಗೊತ್ತು. ಯಶೋಧರ ಜೀವ ತೆಗೆಯಲಿಲ್ಲ. ತಾಯಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ. ಆದರೂ ಕೊಲ್ಲುವ ಸಂಕಲ್ಪ ಮನಸ್ಸಿನಲ್ಲಿ ಹಾದುಹೋದದ್ದಕ್ಕೆ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ನೋಯುತ್ತಾರೆ. ಅಲ್ಲಿ ಸಂಕಲ್ಪವಿತ್ತು, ನೊಂದ ಜೀವ ಇರಲಿಲ್ಲ. ಪಂಜರದ ಮೊಲದ ಸಂಗತಿ ಅದರ ತಿರುವುಮುರುವು. ನೋಯಿಸಬೇಕೆಂಬ ಸಂಕಲ್ಪ ಮಾರಿದವರಿಗೂ ಇಲ್ಲ, ಕೊಂಡ ಹುಡುಗನಿಗಂತೂ ಇಲ್ಲವೇ ಇಲ್ಲ. ಅವನು ಅವಕ್ಕೆ ಮುದ್ದಿನ ಹೆಸರಿಟ್ಟು, ತನ್ನ ಊಟದ ಗಜ್ಜರಿಯನ್ನು ತಿನ್ನಿಸಿದವನು. ಆದರೆ ನೋವು ಇದೆ. ನಾಯಿ ಬೆಕ್ಕುಗಳ ಅಂಗಾಲಿಗೆ ಇರುವಂಥ ಮೆತ್ತೆ ಮೊಲದ ಕಾಲಿಗಿಲ್ಲ, ಬರೀ ಕೂದಲು. ತಂತಿಯ ಮೇಲೆ ಹಗಲಿರುಳು ನಿಂತರೆ ಹಿಂಗಾಲು ಹುಣ್ಣಾಗುತ್ತವೆ. ಒಂದು ಮೊಲದ ಹಿಮ್ಮಡಿಯಲ್ಲಿ ಕೂದಲು ಹೋಗಿ ಕೆಂಪಗಾಗಿತ್ತು. ಪ್ರೀತಿ ಇದ್ದಲ್ಲಿ ಹಿಂಸೆ ಇರಲಾರದೆಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ನನಗೆ ಈಗ ಆ ನಂಬಿಕೆ ಇಲ್ಲ. ಮನಸ್ಸಿನಲ್ಲಿ ಏನಿತ್ತೆಂದು ಕೇಳುವ ಧರ್ಮ ಕಾಲ ಕೆಳಗೆ ಏನಿತ್ತೆಂದೂ ಕೇಳಬೇಕು.

ಎಷ್ಟು ಜಾಗ ಕೊಟ್ಟರೆ ಬಂಧ ಸಡಿಲಾಯಿತು? ಹುಡುಗನ ಕೈಯಲ್ಲೇ ಹುಡುಕಿಸಿ ಓದಿಸಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ, ಪ್ರಾಣಿ ತಕ್ಕಮಟ್ಟಿಗೆ ಓಡಾಡಲು ಸಾಲುವಷ್ಟು ಎತ್ತರ, ಉದ್ದ, ಅಗಲವಿಲ್ಲದ ಪಂಜರದಲ್ಲಿ ಅದನ್ನು ಇಡುವುದು ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಬ್ರಿಟನ್ನಿನಲ್ಲಿ 1965ರ ಬ್ರ್ಯಾಂಬೆಲ್ ಸಮಿತಿ ಐದು ಮಾತು ಹೇಳಿತು: ಸಾಕಿದ ಪ್ರಾಣಿಗೆ ಏಳಲು, ಮಲಗಲು, ಹೊರಳಿ ತಿರುಗಲು, ಮೈ ನೆಕ್ಕಿಕೊಳ್ಳಲು, ಕೈಕಾಲು ಚಾಚಲು ಬರಬೇಕು. ಇಷ್ಟೂ ಆ ಪಂಜರದಲ್ಲಿರಲಿಲ್ಲ. ಆ ದೇಶದ ಮೊಲ ಕಲ್ಯಾಣ ಸಂಘದವರು ಜೋಡಿ ಮೊಲಕ್ಕೆ ಕಡಿಮೆಯೆಂದರೆ ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಒಂದು ಮೀಟರ್ ಎತ್ತರ ಬೇಕೆನ್ನುತ್ತಾರೆ, ಅದೂ ಹಗಲಿರುಳು. ಅಂದರೆ ಹತ್ತಡಿಗೆ ಆರೂವರೆ ಅಡಿ. ಸುಮಾರಾಗಿ ನಮ್ಮ ಹಳೆ ಮನೆಯಲ್ಲಿ ಕಂಬಗಳ ನಡುವಿನ ಒಂದು ಅಂಕಣ.

ಈ ಲೆಕ್ಕ ಕೇಳಿ ಮನೆಯಲ್ಲಿ ಮಾತು ಏರಿತು. ಹಿತ್ತಲಲ್ಲಿ ಬಿಡೋಣವೆಂದರೆ ಓಣಿಯ ನಾಯಿಗಳಿವೆ, ಮುಂಗುಸಿ ಇದೆ. ಮೊಲ ಬೆವರುವ ಪ್ರಾಣಿಯಲ್ಲ, ಮೈಯ ಕಾವನ್ನು ಕಿವಿಯಿಂದ ಕಳೆದುಕೊಳ್ಳುತ್ತದೆ. ನಮ್ಮ ಸೀಮೆಯ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿಯ ಹತ್ತಿರ ಹೋದಾಗ ತಗಡಿನ ಕೆಳಗಿಟ್ಟ ಮೊಲ ಬದುಕುವುದು ಕಷ್ಟ. ಆರ್‌ಸಿಸಿ ಕೋಣೆಯೂ ರಾತ್ರಿಯವರೆಗೆ ಕಾಯ್ದೇ ಇರುತ್ತದೆ. ಮಗ್ಗದ ಮನೆಯಲ್ಲಿ ಪವರ್‌ಲೂಮಿನ ಸಪ್ಪಳ. ಅದು ಮನುಷ್ಯರಿಗೆ ರೂಢಿಯಾದೀತು, ಅಪಾಯ ಕಂಡರೆ ಹಿಂಗಾಲಿನಿಂದ ನೆಲ ಬಡಿದು ಒಂದಕ್ಕೊಂದು ತಿಳಿಸುವ ಜೀವಕ್ಕೆ ಹಗಲೆಲ್ಲ ನಡುಗುವ ನೆಲ ಎಂದರೆ ಮುಗಿಯದ ಭಯ. ಸಾಲದ್ದಕ್ಕೆ ನೂಲಿನ ಎಳೆ ಹೊಟ್ಟೆಗೆ ಹೋದರೆ ಕರುಳಿನಲ್ಲಿ ಸಿಕ್ಕುತ್ತದೆ. ಉಳಿದದ್ದು ಮಣ್ಣಿನ ಮಾಳಿಗೆಯ ಪಡಸಾಲೆ, ಬೆಳಕಿಂಡಿಯ ಕೆಳಗಿನ ಅಂಕಣ. ಬೇಸಿಗೆಯಲ್ಲೂ ತಂಪು, ಬೆಳಕುಂಟು, ಮನೆಮಂದಿಯ ದನಿ ಕೇಳುತ್ತದೆ, ಮಗ್ಗ ದೂರ.

ಆ ಅಂಕಣದಲ್ಲಿ ಇನ್ನೊಂದು ಪವರ್‌ಲೂಮು ಹಾಕುವುದೆಂದು ನಮ್ಮ ಮನೆಯವರು ಲೆಕ್ಕ ಹಾಕಿದ್ದರು. "ಮಗ್ಗ ಹಾಕಿದ್ರ ನಾಕು ರೂಪಾಯಿ ಬರ್ತಾವ. ಮೊಲ ಏನು ಸೀರಿ ನೇಯ್ತೈತೇನು?" ಎಂದರು. ಅವರ ಮಾತಿನಲ್ಲಿ ಕ್ರೌರ್ಯವಿರಲಿಲ್ಲ. ಸೀರೆಗೆ ಸಿಗುವ ಕೂಲಿಯಲ್ಲಿ ಮನೆ ನಡೆಸುವವರು ಕೇಳಲೇಬೇಕಾದ ಮಾತು ಅದು. ನಾನು ಅವರಿಗೆ ಉತ್ತರವಾಗಿ ಒಂದು ಕಥೆ ಹೇಳಿದೆ. ಗದಗಿನಲ್ಲಿ ನಾವು ನೂಲು ತರುವ ಅಂಗಡಿಯ ಮಾರ್ವಾಡಿ ತಾಯಿ ನನಗೆ ಹೇಳಿದ್ದು. ಶ್ವೇತಾಂಬರರ ಜ್ಞಾತಾಧರ್ಮಕಥಾ ಎಂಬ ಆಗಮದಲ್ಲಿದೆ.

ರಾಜಗೃಹದ ಶ್ರೇಣಿಕ ರಾಜನ ಮಗ ಮೇಘಕುಮಾರ. ಮಹಾವೀರನ ಹತ್ತಿರ ದೀಕ್ಷೆ ತೊಟ್ಟ. ಹೊಸಬನಾದ್ದರಿಂದ ಮೊದಲ ರಾತ್ರಿ ಮಲಗಲು ಸಿಕ್ಕಿದ್ದು ಬಾಗಿಲ ಬಳಿಯ ಕೊನೆಯ ಜಾಗ. ಹೋಗುವವರ ಬರುವವರ ಕಾಲು ತಗಲಿ ನಿದ್ದೆಯಿಲ್ಲ. ಅರಮನೆಯ ಮಗ. ಬೆಳಗಾದರೆ ಮನೆಗೆ ಹೊರಡುವುದೆಂದು ನಿಶ್ಚಯಿಸಿದ. ಆಗ ಮಹಾವೀರ ಅವನಿಗೆ ಅವನ ಹಿಂದಿನ ಜನ್ಮ ಹೇಳಿದ. ಆ ಜನ್ಮದಲ್ಲಿ ಅವನು ಕಾಡಿನಲ್ಲಿ ಆನೆ. ಕಾಳ್ಗಿಚ್ಚಿನ ಭಯಕ್ಕೆ ಗಿಡಗಂಟಿ ಕಿತ್ತು ಒಂದು ಬಯಲು ಮಾಡಿಕೊಂಡಿತ್ತು ಆ ಆನೆ. ಬೆಂಕಿ ಬಿದ್ದಾಗ ಕಾಡಿನ ಪ್ರಾಣಿಗಳೆಲ್ಲ ಅಲ್ಲಿಗೇ ಬಂದು ಒತ್ತಿಕೊಂಡು ನಿಂತವು. ಮೈ ತುರಿಸಿಕೊಳ್ಳಲು ಆನೆ ಒಂದು ಕಾಲೆತ್ತಿತು. ದೊಡ್ಡ ಪ್ರಾಣಿಗಳ ನೂಕಿಗೆ ಸಿಕ್ಕಿದ್ದ ಒಂದು ಮೊಲ ಆ ತೆರವಿಗೆ ಬಂದು ಕೂತಿತು. ಕಾಲಿಟ್ಟರೆ ಮೊಲ ಸಾಯುತ್ತದೆ. ಎರಡೂವರೆ ದಿನ ಬೆಂಕಿ ಉರಿಯಿತು, ಎರಡೂವರೆ ದಿನ ಆನೆ ಕಾಲು ಇಳಿಸಲಿಲ್ಲ. ಬೆಂಕಿ ಆರಿತು, ಮೊಲ ಹೊರಟುಹೋಯಿತು. ಮರಗಟ್ಟಿದ ಕಾಲು ಊರಲಾರದೆ ಆನೆ ಬಿತ್ತು, ಮತ್ತೆ ಏಳಲಿಲ್ಲ.

ಜಾಗ ಸಾಲದೆಂದು ನೊಂದವನಿಗೆ ಮಹಾವೀರ ಜಾಗ ಕೊಟ್ಟ ಕಥೆಯನ್ನೇ ಹೇಳಿದ. ನಾನು ತಿಳಿದುಕೊಂಡದ್ದು ಇಷ್ಟು: ಇನ್ನೊಂದು ಜೀವಕ್ಕೆ ಕೊಡುವ ಜಾಗ ನಮ್ಮ ಕಾಲ ಕೆಳಗಿನದಾಗಿರಬೇಕು, ನಮಗೆ ಬೇಕಾದ್ದೇ ಆಗಿರಬೇಕು. ಬೇಡವಾದ ಮೂಲೆ, ಕತ್ತಲ ಅಟ್ಟ, ಬಚ್ಚಲ ಪಕ್ಕದ ಸಂದಿ ಕೊಟ್ಟರೆ ಅದು ಇಟ್ಟದ್ದಾಯಿತು, ಕೊಟ್ಟದ್ದಾಗಲಿಲ್ಲ. ಸಾಕುವವರೂ ಒಂದಿಷ್ಟು ಕಟ್ಟುಬಿದ್ದಾಗ ಮಾತ್ರ ಸಾಕುವುದರ ಬಂಧ ಕ್ಷಮಿಸುವಂಥದ್ದು. ಮನೆಯವರು ಕಥೆ ಕೇಳಿ ಏನೂ ಅನ್ನಲಿಲ್ಲ. ಮರುದಿನ ಮಗ್ಗದ ಹಳೆ ಕಟ್ಟಿಗೆಗಳಿಂದ ಅಂಕಣಕ್ಕೆ ಸೊಂಟದೆತ್ತರದ ತಡಿಕೆ ಮಾಡಿಕೊಟ್ಟರು.

ಒಳಗೆ ನೆಲಕ್ಕೆ ಗೋಣಿತಾಟು, ಅದರ ಮೇಲೆ ಹಳೆ ಜಮಖಾನ, ಕಾಲು ಜಾರಬಾರದೆಂದು. ಅಡಗಿಕೊಳ್ಳಲು ನೂಲಿನ ಪೆಟ್ಟಿಗೆ, ಎರಡೂ ಬದಿಗೆ ಬಾಗಿಲು ಕೊರೆಸಿದ್ದು. ಯುರೋಪಿನ ಸ್ಪೇನ್ ಸೀಮೆಯಲ್ಲಿ ಬಿಲ ತೋಡಿ ಬದುಕಿದ ಕುಲದವು ಇವು. ಒಂದು ಬಾಯಿಯಿಂದ ವೈರಿ ಬಂದರೆ ಇನ್ನೊಂದರಿಂದ ಓಡಬೇಕು. ಬೆಂಕಿ ಬಿದ್ದಾಗ ಬಿಚ್ಚಿಕೊಳ್ಳುವ ಗಂಟು ಬೇಕೆಂದ ಹಿರಿಯರ ಮಾತಿಗೂ ಈ ಎರಡು ಬಾಗಿಲಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ವೈರುಗಳನ್ನು ಪೈಪಿನೊಳಗೆ ಸೇರಿಸಿದೆವು, ಮೊಲಗಳು ಕಚ್ಚದೆ ಬಿಡುವುದಿಲ್ಲ. ಅವುಗಳ ಹಲ್ಲು ಜೀವವಿರುವವರೆಗೆ ಬೆಳೆಯುತ್ತಲೇ ಇರುತ್ತವೆ. ಆದ್ದರಿಂದ ಒಣಹುಲ್ಲು ಸದಾ ಬಾಯಿಗೆ ಸಿಗುವಂತಿರಬೇಕು.

ಅತ್ತೆಯವರದು ಬೇರೆಯೇ ಸಂಕಟ. ಪಡಸಾಲೆಯ ಆ ಬದಿಗೆ ದೇವರ ಜಗಲಿ. ನಸುಕಿನಲ್ಲಿ ಮೊಲ ತನ್ನ ಹಿಕ್ಕೆಯನ್ನೇ ಬಾಯಿಯಿಂದ ತೆಗೆದುಕೊಳ್ಳುವುದನ್ನು ನೋಡಿ "ಶಿವಾ, ಇದನ್ನ ದೇವರ ಮುಂದ ಹ್ಯಾಂಗ ಇಡೂದವ್ವಾ" ಎಂದು ಕೂತುಬಿಟ್ಟರು. ಅದು ಗಟ್ಟಿ ಹಿಕ್ಕೆಯಲ್ಲ, ಮೆತ್ತಗಿನ ಬೇರೆ ಬಗೆಯದು. ಹುಲ್ಲಿನ ಸತ್ವ ಒಂದೇ ಸಲಕ್ಕೆ ಅರಗುವುದಿಲ್ಲವೆಂದು ಎರಡನೆಯ ಸಲ ಹೊಟ್ಟೆಗೆ ಕಳಿಸುತ್ತದೆ. ದನ ಮೆಲುಕು ಹಾಕುವಂಥದ್ದೇ ಇದೂ. ಅತ್ತೆ ಒಂದು ಹೊತ್ತು ಯೋಚಿಸಿ, "ಅದರ ದೇಹಧರ್ಮ ಅದಕ್ಕ" ಎಂದು ಎದ್ದರು. ಶುಚಿ, ಮೈಲಿಗೆ ಎಂದು ನಾವು ಬರೆದುಕೊಂಡ ಗೆರೆಗಳು ನಮ್ಮ ಮೈಗೆ ಹೊಂದಿದವು, ಅದರ ಮೈಗಲ್ಲ ಎಂಬುದನ್ನು ಎಂಬತ್ತು ದಾಟಿದವರು ಅಷ್ಟು ಬೇಗ ಒಪ್ಪಿದ್ದು ನನಗೆ ಅವರ ಮೇಲಿನ ಗೌರವ ಹೆಚ್ಚಿಸಿತು.

ನನ್ನ ಮನಸ್ಸಿಗೆ ಇನ್ನೂ ಸಮಾಧಾನವಾಗದ್ದು ಒಂದಿದೆ. ಎರಡರಲ್ಲಿ ಒಂದು ಗಂಡು, ಒಂದು ಹೆಣ್ಣು. ಹೆಣ್ಣು ಮೂವತ್ತು ದಿನಕ್ಕೆ ಮರಿ ಹಾಕುತ್ತದೆ, ಹಾಕಿದೊಡನೆ ಮತ್ತೆ ಬಸಿರಾಗಬಲ್ಲದು. ಕೂಡಿ ಇಟ್ಟರೆ ವರ್ಷದೊಳಗೆ ಮನೆ ತುಂಬಿ, ಮರಿಗಳೆಲ್ಲ ಅಂಥವೇ ಪಂಜರಗಳಿಗೆ ಹೋಗಬೇಕು. ಬೇರೆ ಇಟ್ಟರೆ ಒಂಟಿತನ. ಗುಂಪಿನಲ್ಲಿ ಬದುಕುವ ಜೀವ, ಒಂದರ ಮೈಗೆ ಒಂದು ಆತು ಮಲಗುತ್ತದೆ. ಪಶುವೈದ್ಯರು ಗಂಡಿನ ಬೀಜ ತೆಗೆಸಿರೆಂದರು. ಅದು ಛೇದ, ಐದರಲ್ಲಿ ಮೂರನೆಯದು. ಬಂಧ ಸಡಿಲಿಸಲು ಹೋಗಿ ಛೇದಕ್ಕೆ ಕೈಹಾಕಬೇಕಾಯಿತು. ಅರಿವಳಿಕೆ ಕೊಟ್ಟು, ನೋವಾಗದಂತೆ, ಅವುಗಳ ಕೂಡುಬಾಳಿಗಾಗಿಯೇ ಮಾಡಿದ್ದೆಂದು ಹೇಳಬಹುದು, ಹೇಳುತ್ತೇನೆ ಕೂಡ. ಆದರೆ ಆ ಜೀವವನ್ನು ಯಾರೂ ಕೇಳಲಿಲ್ಲ. ಒಂದು ಅತಿಚಾರ ಇನ್ನೊಂದನ್ನು ಕರೆದುಕೊಂಡು ಬರುತ್ತದೆ. ಮೊದಲನೆಯದು ಅಂಗಡಿಯಲ್ಲಿ ದುಡ್ಡು ಕೊಟ್ಟಾಗಲೇ ಆಗಿಹೋಗಿರುತ್ತದೆ. ಶಸ್ತ್ರಕ್ರಿಯೆ ಮಾಡಿಸಿದೆವು, ಕೆಲವು ವಾರ ತಡಿಕೆಯ ಆಚೆ ಈಚೆ ಇಟ್ಟು ಆಮೇಲೆ ಕೂಡಿಸಿದೆವು. ಮಾಡಿಸಿದ್ದು ಸರಿ. ಆದರೂ ಪುಣ್ಯದ ಲೆಕ್ಕದಲ್ಲಿ ಅದನ್ನು ಬರೆದುಕೊಳ್ಳಲಾರೆ.

ಹಾಗಾದರೆ ಕಪ್ಪತಗುಡ್ಡದಲ್ಲಿ ಬಿಟ್ಟು ಬರ್ರಿ, ಬಂಧವೂ ಇಲ್ಲ ಛೇದವೂ ಇಲ್ಲ ಎಂದವರಿದ್ದರು. ಬಿಡುಗಡೆ ಎಂಬ ಮಾತಿಗೆ ನಾವು ಬಹಳ ಬೇಗ ಸೋಲುತ್ತೇವೆ. ನಮ್ಮ ಎರೆಹೊಲದ ಮೊಲ ಬೇರೆ ಜಾತಿ. ಅದು ಬಿಲ ತೋಡುವುದಿಲ್ಲ, ಮಣ್ಣಿನ ಬಣ್ಣಕ್ಕೆ ಮೈ ಹೊಂದಿಸಿ ಹುಲ್ಲಿನ ತಗ್ಗಿನಲ್ಲಿ ಅಡಗುತ್ತದೆ. ಅದನ್ನು ಹಿಡಿಯುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಮನೆಯಲ್ಲಿ ಹುಟ್ಟಿದ ಬಿಳಿ ಮೊಲ ಗುಡ್ಡದಲ್ಲಿ ದೂರದಿಂದಲೇ ಕಾಣುತ್ತದೆ, ನರಿಗೋ ನಾಯಿಗೋ ಸಿಗುತ್ತದೆ. ತಾನೇ ಪರಾಧೀನ ಮಾಡಿದ ಜೀವವನ್ನು ಕೈಬಿಟ್ಟು ಅದಕ್ಕೆ ಸ್ವಾತಂತ್ರ್ಯ ಎಂದು ಹೆಸರಿಟ್ಟರೆ ಹೆಸರಿಟ್ಟವರಿಗೆ ಹಗುರ, ಜೀವಕ್ಕೆ ಸಾವು. ಆನೆ ಬೆಂಕಿ ಆರುವವರೆಗೆ ಕಾಲೆತ್ತಿ ನಿಂತಿತು. ಇವುಗಳ ಬೆಂಕಿ ಹೊರಗೆ ಎಂದೂ ಆರುವುದಿಲ್ಲ. ಒಳ್ಳೆಯ ಆರೈಕೆಯಲ್ಲಿ ಮೊಲ ಎಂಟರಿಂದ ಹನ್ನೆರಡು ವರ್ಷ ಬದುಕುತ್ತದೆ. ಅಷ್ಟು ಕಾಲ ಆ ಅಂಕಣದಲ್ಲಿ ಮಗ್ಗ ಕೂರುವುದಿಲ್ಲವೆಂದು ನಮ್ಮ ಮನೆಯಲ್ಲಿ ಮಾತಾಗಿದೆ.

ಮಕ್ಕಳ ಹುಟ್ಟುಹಬ್ಬಕ್ಕೆ, ಹಟ ಮಾಡಿದರೆಂದು, ಮನೆಗೆ ಒಳ್ಳೆಯದಾಗುತ್ತದೆಂದು ಮೊಲ ತರಲು ಹೊರಟವರಲ್ಲಿ ನನ್ನ ಬಿನ್ನಹವಿದು. ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ನಿಮಗೇ ಬೇಕಾದ ಹತ್ತಡಿಗೆ ಆರೂವರೆ ಅಡಿ ನೆಲ ಅಳೆಯಿರಿ, ತಂಪಾದದ್ದು, ಗದ್ದಲವಿಲ್ಲದ್ದು. ಹತ್ತು ವರ್ಷ ಅದನ್ನು ಬಿಟ್ಟುಕೊಡಲು ಮನೆಮಂದಿಯೆಲ್ಲ ಒಪ್ಪದಿದ್ದರೆ ಮೊಲ ತರಬೇಡಿ. ಈಗಾಗಲೇ ತಂದು ಪಂಜರದಲ್ಲಿಟ್ಟಿದ್ದರೆ ಇವತ್ತೇ ಅದರ ಬಾಗಿಲು ತೆಗೆಯಿರಿ, ಕಾಲ ಕೆಳಗಿನ ತಂತಿಯ ಮೇಲೆ ಒಂದು ಗೋಣಿಯನ್ನಾದರೂ ಹಾಸಿರಿ.