ಇಟ್ಟುಕೊಳ್ಳುವುದು ಮತ್ತು ಇರುವುದು

ಗೋರೆಗಾಂವ್‌ನಲ್ಲಿ ನಾವು ನಾಲ್ಕು ಮಂದಿ ಕನ್ನಡಿಗರು ಸೇರಿದರೆ ಹತ್ತು ವರ್ಷದ ಹಿಂದೆ ಮಕ್ಕಳ ಅಡ್ಮಿಷನ್ ಬಗ್ಗೆ ಮಾತಾಡುತ್ತಿದ್ದೆವು. ಈಗ ಮಾತು ಬೇಗನೆ ಅಪ್ಪ ಅಮ್ಮನ ಕಡೆ ಹೊರಳುತ್ತದೆ. ಸಂಘದ ಕಾರ್ಯಕ್ರಮದ ಊಟದ ಸಾಲಿನಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ಚರ್ಚ್‌ಗೇಟ್ ಲೋಕಲ್‌ನ ನೂಕುನುಗ್ಗಲಿನಲ್ಲಿ ಕೂಡ ಕೇಳುವ ಪ್ರಶ್ನೆ ಒಂದೇ: "ಅಮ್ಮನನ್ನು ಈಗ ಯಾರು ಇಟ್ಟುಕೊಂಡಿದ್ದಾರೆ?"

ಈ 'ಇಟ್ಟುಕೊಳ್ಳುವುದು' ಎಂಬ ಕ್ರಿಯಾಪದ ನನ್ನನ್ನು ಕೆಲವು ದಿನಗಳಿಂದ ಕಾಡುತ್ತಿದೆ. ದುಡ್ಡು ಇಟ್ಟುಕೊಳ್ಳುತ್ತೇವೆ, ಗುಟ್ಟು ಇಟ್ಟುಕೊಳ್ಳುತ್ತೇವೆ, ಕೆಲಸಕ್ಕೆ ಆಳು ಇಟ್ಟುಕೊಳ್ಳುತ್ತೇವೆ. "ಮನೆಯಲ್ಲೇ ಇಟ್ಟುಕೊಂಡಿದ್ದಾನೆ" ಎಂದರೆ ಹೊಗಳಿಕೆ, "ಆಶ್ರಮದಲ್ಲಿ ಇಟ್ಟಿದ್ದಾನೆ" ಎಂದರೆ ಬೈಗುಳ. ಆದರೆ ಎರಡೂ ವಾಕ್ಯಗಳಲ್ಲಿ ಮಾಡುವವನು ಮಗ, ತಾಯಿ ಬರೀ ಕರ್ಮಪದ. ಮನೆಯೋ ಆಶ್ರಮವೋ ಎಂಬ ಜಗಳದಲ್ಲಿ ನಾವು ಈ ಮುಖ್ಯ ಸಂಗತಿಯನ್ನು ನೋಡುವುದೇ ಇಲ್ಲ ಎಂದು ನನಗನಿಸುತ್ತದೆ. ಅಮ್ಮ ಎಲ್ಲಿ ಇರುತ್ತಾಳೆ ಎಂಬ ವಾಕ್ಯಕ್ಕೆ ಅಮ್ಮನೇ ಕರ್ತೃವಾಗಬೇಕಲ್ಲವೇ?

ಅಪ್ಪ ತೀರಿಕೊಂಡ ಮೇಲೆ ಕುಂದಾಪುರದ ಹತ್ತಿರದ ಮನೆಯಲ್ಲಿ ಅಮ್ಮ ಒಬ್ಬಳೇ ಉಳಿದಳು. ನನ್ನ ವೃತ್ತಿ ಪ್ರಾಜೆಕ್ಟ್ ನಿರ್ವಹಣೆ. ಹಾಗಾಗಿ ಸಹಜವಾಗಿಯೇ ಒಂದು ಎಕ್ಸೆಲ್ ಹಾಳೆ ತೆರೆದೆ. ನಾಲ್ಕು ದಾರಿಗಳಿದ್ದವು. ಒಂದು, ಗೋರೆಗಾಂವ್‌ನ ನಮ್ಮ ಎರಡು ಬೆಡ್‌ರೂಮಿನ ಫ್ಲಾಟು. ನಾವಿಬ್ಬರೂ ಆಫೀಸಿಗೆ ಹೋಗುವುದರಿಂದ ಬ್ಯೂರೋ ಮೂಲಕ ಹನ್ನೆರಡು ಗಂಟೆಯ ಮಾವಶಿ. ಎರಡು, ಮುಂಬಯಿ ಮತ್ತು ಸುತ್ತಮುತ್ತಲಿನ ಹಿರಿಯರ ವಸತಿಗಳು. ಅಂಧೇರಿಯ ಮಹಾಕಾಳಿ ಗುಹೆಗಳ ರಸ್ತೆಯಲ್ಲಿ ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್ ಸನ್ಯಾಸಿನಿಯರು ನಡೆಸುವ ಮನೆಯಿದೆ, ಆದರೆ ಅದು ದಿಕ್ಕಿಲ್ಲದ ಬಡವರಿಗಾಗಿ ಇರುವುದು. ಅಲ್ಲಿನ ಒಂದು ಹಾಸಿಗೆಯನ್ನು ನಮ್ಮಂಥವರು ಕೇಳುವುದೇ ತಪ್ಪು. ಮಾಥೇರಾನ್ ಬೆಟ್ಟದ ಬುಡದ ನೇರಲ್‌ನಲ್ಲಿ ಡಿಗ್ನಿಟಿ ಫೌಂಡೇಶನ್ನಿನ ಹಿರಿಯರ ಬಡಾವಣೆಯಿದೆ. ಮೂರು, ಬೆಂಗಳೂರಿನ ಹೊರವಲಯದಲ್ಲಿ ಬಿಲ್ಡರುಗಳು ಕಟ್ಟುತ್ತಿರುವ ಸೀನಿಯರ್ ಲಿವಿಂಗ್ ಅಪಾರ್ಟ್‌ಮೆಂಟು. ನಾಲ್ಕು, ಇದ್ದ ಮನೆಯಲ್ಲೇ ಇದ್ದು, ಜೊತೆಗೊಬ್ಬರು.

ಬಾಡಿಗೆ, ಠೇವಣಿ, ಆಸ್ಪತ್ರೆಗೆ ಎಷ್ಟು ದೂರ, ಲಿಫ್ಟ್ ಇದೆಯೇ ಎಂಬ ಕಾಲಂಗಳನ್ನು ತುಂಬುವುದು ಕಷ್ಟವಲ್ಲ. 2024ರಲ್ಲಿ ಮಹಾರೇರಾ ಹಿರಿಯರ ವಸತಿ ಯೋಜನೆಗಳಿಗೆ ಮಾದರಿ ನಿಯಮಗಳನ್ನೇ ಹೊರಡಿಸಿದೆ: ಗಾಲಿಕುರ್ಚಿ ಹೋಗುವಂಥ ಲಿಫ್ಟು ಮತ್ತು ಇಳಿಜಾರು, 900 ಮಿಲಿಮೀಟರ್ ಅಗಲದ ಬಾಗಿಲು, ಜಾರದ ನೆಲ, ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಂಬಿ. ಇವೆಲ್ಲ ಬೇಕಾದವೇ. ಆದರೆ ಹಾಳೆಯ ಮೊದಲ ಕಾಲಂ ಯಾವುದಿರಬೇಕೆಂದು ಅಮ್ಮನನ್ನೇ ಕೇಳಿದಾಗ ಅವಳು ಕೇಳಿದ್ದು ಬೇರೆ: "ಅಲ್ಲಿ ನಾನ್ ಯಾರ್ ಹತ್ರ ಮಾತಾಡುದ್ ಮಗಾ?" ಇದಕ್ಕೆ ಮಹಾರೇರಾದ ಬಳಿ ಉತ್ತರವಿಲ್ಲ.

ತಂದೆತಾಯಿಯರಿಗೆ ನಾವು ಏನು ಬಾಕಿ ಇದ್ದೇವೆ ಎಂದಾಗ ನಮ್ಮ ಬಾಯಿಗೆ ಮೊದಲು ಬರುವ ಪದ 'ಋಣ'. ಮನುಷ್ಯ ಮೂರು ಋಣ ಹೊತ್ತು ಹುಟ್ಟುತ್ತಾನೆಂಬ ಮಾತಿನ ಮೂಲ ತೈತ್ತಿರೀಯ ಸಂಹಿತೆಯಲ್ಲಿದೆ. ಅಲ್ಲಿ ಋಷಿಋಣ ತೀರುವುದು ಬ್ರಹ್ಮಚರ್ಯದಿಂದ, ದೇವಋಣ ಯಜ್ಞದಿಂದ, ಪಿತೃಋಣ ಸಂತಾನದಿಂದ. ಸ್ವಲ್ಪ ನಿಂತು ನೋಡಿದರೆ ಇದು ಆಶ್ಚರ್ಯದ ಲೆಕ್ಕ. ಹಿರಿಯರ ಸಾಲ ತೀರುವುದು ಅವರಿಗೆ ಹಿಂತಿರುಗಿ ಕೊಟ್ಟಲ್ಲ, ಮುಂದಿನವರಿಗೆ ಕೊಟ್ಟು. ಅಂದರೆ ಬದುಕಿರುವ ತಾಯಿಯ ಆರೈಕೆ ಈ ಸಾಲದ ಪುಸ್ತಕದಲ್ಲಿ ಬರುವುದೇ ಇಲ್ಲ.

ಅದಕ್ಕೆ ಬೇರೆ ಆಧಾರ ಹುಡುಕಬೇಕು. ಅಮೆರಿಕದ ತತ್ತ್ವಶಾಸ್ತ್ರಜ್ಞೆ ಜೇನ್ ಇಂಗ್ಲಿಷ್ 1979ರ ತಮ್ಮ ಪ್ರಬಂಧವೊಂದರಲ್ಲಿ, ಬೆಳೆದ ಮಕ್ಕಳು ತಂದೆತಾಯಿಗೆ ಸಾಲದ ಅರ್ಥದಲ್ಲಿ ಏನೂ ಬಾಕಿಯಿಲ್ಲ, ಇರುವ ಕರ್ತವ್ಯವೆಲ್ಲ ಸ್ನೇಹದಿಂದ ಹುಟ್ಟುವಂಥದು ಎಂದು ವಾದಿಸಿದರು. ನಮ್ಮ ಕಿವಿಗೆ ಇದು ಒರಟು. ನಾನು ಪೂರ್ತಿ ಒಪ್ಪುವುದೂ ಇಲ್ಲ. ಸ್ನೇಹ ಕಳಚಿಹೋದ ತಂದೆಯೂ ಜ್ವರದಲ್ಲಿ ಮಲಗಿದಾಗ ನೀರು ಕೇಳಬಲ್ಲ. ಆದರೆ ಒಂದು ವಿಷಯದಲ್ಲಿ ಆಕೆ ಸರಿ. ಸಾಲವೆಂದು ಬಗೆದರೆ ತೀರಿಸಿ ಕೈ ತೊಳೆದುಕೊಳ್ಳಬಹುದು. ತಿಂಗಳ ಒಂದನೇ ತಾರೀಖು ಹಣ ಹೋದ ಮೆಸೇಜು ಬಂದರೆ ಸಾಲಗಾರನಿಗೆ ಸಮಾಧಾನ. ಮಗನಿಗೆ ಆಗಬಾರದು.

ಕಾನೂನು ಕೂಡ ಅಳೆಯಬಹುದಾದದ್ದನ್ನು ಮಾತ್ರ ಅಳೆಯುತ್ತದೆ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆ ಒಳ್ಳೆಯ ಕಾಯ್ದೆ. ಕಡೆಗಣಿಸಲ್ಪಟ್ಟ ತಾಯಿ ನ್ಯಾಯಮಂಡಳಿಗೆ ಹೋಗಬಹುದು, ತಿಂಗಳಿಗೆ 10,000 ರೂಪಾಯಿ ಮಿತಿಯೊಳಗೆ ಜೀವನಾಂಶ ಪಡೆಯಬಹುದು. ನೋಡಿಕೊಳ್ಳುತ್ತೇವೆಂಬ ಷರತ್ತಿನ ಮೇಲೆ ಬರೆಸಿಕೊಂಡ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ಆದರೆ ಒಂದು ಕುತೂಹಲದ ಅಂಶವಿದೆ. ಆ ಕಾಯ್ದೆ 'ಮಕ್ಕಳು' ಎಂದಾಗ ಮಗ, ಮಗಳು, ಮೊಮ್ಮಕ್ಕಳನ್ನು ಹೆಸರಿಸುತ್ತದೆ, ಸೊಸೆಯನ್ನಲ್ಲ. 2019ರ ಡಿಸೆಂಬರಿನಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆಯಲ್ಲಿ ಸೊಸೆ, ಅಳಿಯಂದಿರನ್ನು ಸೇರಿಸುವ ಪ್ರಸ್ತಾಪವಿತ್ತು. ಕಾಗದದಲ್ಲಿ ಇಲ್ಲದ ಸೊಸೆಯೇ ನಮ್ಮ ಮನೆಗಳಲ್ಲಿ ಮಾತ್ರೆ ಕೊಡುವವಳು, ಮೆತ್ತಗೆ ಬೇಯಿಸುವವಳು, ರಾತ್ರಿ ಏಳುವವಳು. "ನಾವೇ ನೋಡಿಕೊಳ್ಳುತ್ತೇವೆ" ಎಂದು ಗಂಡಸರು ಹೇಳುವಾಗ ಆ 'ನಾವು' ಯಾರ ಕೈಗಳು ಎಂದು ಕೇಳಬೇಕು. ಅವಳೂ ಆಫೀಸಿಗೆ ಹೋಗುತ್ತಾಳೆಂದಾಗ ಆ ಕೈಗಳು ಮಾವಶಿಯವು. ಕೊಂಕಣದ ಯಾವುದೋ ಹಳ್ಳಿಯಲ್ಲಿ ತನ್ನ ತಾಯಿಯನ್ನು ಬಿಟ್ಟು ಬಂದು ಅವಳು ನಮ್ಮ ತಾಯಿಯ ಬೆನ್ನು ಉಜ್ಜುತ್ತಾಳೆ. ಅವಳಿಗೆ ವಾರದ ರಜೆ ಕೊಡದೆ ನಾವು ಗಳಿಸುವ ಪುಣ್ಯ ಎಂಥದು?

ಈ ವಿಷಯದಲ್ಲಿ ನನಗೆ ತುಂಬ ಉಪಯೋಗಕ್ಕೆ ಬಂದದ್ದು ಮಹಾಭಾರತದ ಆಶ್ರಮವಾಸಿಕ ಪರ್ವ. ಕುಮಾರವ್ಯಾಸ ಗದಾಪರ್ವಕ್ಕೇ ಕಥೆ ನಿಲ್ಲಿಸಿದ್ದರಿಂದ ನಮ್ಮ ಗಮಕದ ಸಭೆಗಳಲ್ಲಿ ಇದು ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಯುದ್ಧ ಮುಗಿದ ಮೇಲೆ ಧೃತರಾಷ್ಟ್ರ ಹದಿನೈದು ವರ್ಷ ಯುಧಿಷ್ಠಿರನ ಅರಮನೆಯಲ್ಲೇ ಇರುತ್ತಾನೆ. ಧರ್ಮರಾಯ ಯಾವುದಕ್ಕೂ ಕೊರತೆ ಮಾಡಲಿಲ್ಲ. ಊಟ, ಬಟ್ಟೆ, ಹಾಸಿಗೆ, ಗೌರವ ಎಲ್ಲವೂ ಮೊದಲಿನಂತೆಯೇ. ಆದರೆ ಅದೇ ಮನೆಯಲ್ಲಿ ಭೀಮ ಇದ್ದ. ಮುದುಕನ ಕಿವಿಗೆ ಬೀಳುವಂತೆ ತೋಳು ತಟ್ಟಿಕೊಂಡು, ನಿನ್ನ ಮಕ್ಕಳನ್ನು ಕೊಂದದ್ದು ಇದೇ ತೋಳು ಎಂಬರ್ಥದ ಮಾತಾಡುತ್ತಿದ್ದ. ಧೃತರಾಷ್ಟ್ರ ಗುಟ್ಟಾಗಿ ಉಪವಾಸ ಬೀಳತೊಡಗಿದ. ಯುಧಿಷ್ಠಿರನಿಗೆ ಅದು ಗೊತ್ತೇ ಇರಲಿಲ್ಲ. ಕೊನೆಗೆ ಕಾಡಿಗೆ ಹೋಗುತ್ತೇನೆಂದು ಅನುಮತಿ ಕೇಳುತ್ತಾನೆ. ಯುಧಿಷ್ಠಿರ ಸುಲಭಕ್ಕೆ ಒಪ್ಪುವುದಿಲ್ಲ, ವ್ಯಾಸರು ಹೇಳಿದ ಮೇಲೆ ಒಪ್ಪುತ್ತಾನೆ.

ಅಲ್ಲಿಗೆ ಕಥೆ ಮುಗಿಯುವುದಿಲ್ಲ. ಹೊರಟ ದಿನ ಕುಂತಿಯೂ ಹೊರಡುತ್ತಾಳೆ. ಅವಳ ಹೆಗಲ ಮೇಲೆ ಗಾಂಧಾರಿಯ ಕೈ, ಗಾಂಧಾರಿಯ ಹೆಗಲ ಮೇಲೆ ಧೃತರಾಷ್ಟ್ರನ ಕೈ. ಮಕ್ಕಳು ಅಳುತ್ತಾರೆ, ಬೇಡುತ್ತಾರೆ. ರಾಜ್ಯ ಗೆದ್ದುಕೊಟ್ಟ ಐದು ಮಕ್ಕಳ ತಾಯಿ ಮಗ ಗೆದ್ದ ಸುಖ ನನಗೆ ಬೇಡವೆಂದು ನಡೆದುಬಿಡುತ್ತಾಳೆ. ಧೃತರಾಷ್ಟ್ರ ಹೋದದ್ದು ಮನೆಯ ಮಾತು ತಡೆಯಲಾರದೆ. ಕುಂತಿ ಹೋದದ್ದು ತನ್ನ ಇಷ್ಟದಿಂದ. ಹೊರಗಿನಿಂದ ನೋಡಿದರೆ ಇಬ್ಬರೂ ಮನೆ ಬಿಟ್ಟವರೇ. ಒಳಗಿನಿಂದ ಎಷ್ಟು ಅಂತರ! ವೃದ್ಧಾಶ್ರಮದ ಬಾಗಿಲಲ್ಲಿ ನಿಂತ ಇಬ್ಬರು ಮುದುಕಿಯರ ನಡುವೆಯೂ ಇಷ್ಟೇ ಅಂತರ ಇರಬಹುದು. ಯುಧಿಷ್ಠಿರ ಆಮೇಲೆ ಪರಿವಾರ ಸಮೇತ ಕಾಡಿಗೆ ಹೋಗಿ ತಿಂಗಳಿಗೂ ಹೆಚ್ಚು ಕಾಲ ಅವರ ಜೊತೆ ಇದ್ದು ಬರುತ್ತಾನೆ. ಎರಡು ವರ್ಷದ ನಂತರ ಕಾಳ್ಗಿಚ್ಚಿನಲ್ಲಿ ಮೂವರೂ ತೀರಿಕೊಂಡ ಸುದ್ದಿ ನಾರದರಿಂದ ಬಂದಾಗ ಅವನ ಗೋಳು ಹೇಳತೀರದು. ತಾಯಿಯ ಆಯ್ಕೆಯನ್ನು ಒಪ್ಪಿದವನಿಗೆ ಅದರ ನೋವಿನಿಂದ ವಿನಾಯಿತಿ ಸಿಗುವುದಿಲ್ಲ. ಈ ಬೆಲೆಗೆ ಹೆದರಿಯೇ ನಾವು ಸುರಕ್ಷತೆಯ ಹೆಸರಲ್ಲಿ ಅವರ ನಿರ್ಧಾರವನ್ನು ನಮ್ಮ ಕೈಗೆ ತೆಗೆದುಕೊಳ್ಳುತ್ತೇವೆ ಎನಿಸುತ್ತದೆ.

ಹಾಗಾದರೆ ಹಿರಿಯರು ಹೇಳಿದ್ದೇ ಕೊನೆಯೇ? ಇಲ್ಲ. ತಾನು ಎಲ್ಲಿ ಇರಬೇಕೆಂದು ತಾಯಿ ಹೇಳಬಹುದು; ಮಗ ಸೊಸೆಯ ಬದುಕು ಎಲ್ಲಿರಬೇಕೆಂದು ಹೇಳಲಾಗದು. ಮಗನ ಯೌವನವನ್ನೇ ಕೇಳಿದ ಯಯಾತಿಯ ಕಥೆ ನಮ್ಮಲ್ಲೇ ಇದೆ. ಕಾರ್ನಾಡರ ಮೊದಲ ನಾಟಕ ಆ ಬೇಡಿಕೆಯ ಬೆಲೆ ತೆರುವುದು ಸೊಸೆ ಎಂದು ತೋರಿಸಿತು. ಇನ್ನೊಂದು ತೊಡಕು, ನಮ್ಮ ಅಮ್ಮಂದಿರು ಕೇಳಿದ ಕೂಡಲೇ ನಿಜ ಹೇಳುವವರಲ್ಲ. "ನಂಗೇನೂ ಬೇಡ, ನಿಮಗೆ ಅನುಕೂಲ ಆದಂತೆ ಮಾಡಿ" ಎಂಬುದು ಒಪ್ಪಿಗೆಯಲ್ಲ, ಬಹಳ ಸಲ ಭಯ. ಒಂದು ಸಲ ಕೇಳಿ ಟಿಕ್ ಹಾಕುವ ಪ್ರಶ್ನೆ ಇದಲ್ಲ. ಎರಡು ವಾರ ಇದ್ದು ನೋಡಿ, ಬೇಡವೆಂದರೆ ವಾಪಸು ಬರಬಹುದಾದ ಬಾಗಿಲು ತೆರೆದಿದ್ದಾಗ ಮಾತ್ರ ಆಯ್ಕೆಗೆ ಅರ್ಥ. ಹಳೆಯ ಮನೆಯನ್ನು ಮಾರಿ, ಆಮೇಲೆ "ಎಲ್ಲಿ ಇರುತ್ತೀಯಮ್ಮ?" ಎಂದು ಕೇಳುವುದು ಪ್ರಶ್ನೆಯೇ ಅಲ್ಲ.

ಕೇಳುವುದಕ್ಕೂ ಒಂದು ಕಾಲವಿದೆ. ಮರೆವಿನ ಕಾಯಿಲೆ ಬಲಿತ ಮೇಲೆ ಕೇಳಲಾಗದು. ಅಂಥವರಲ್ಲಿ ಎಷ್ಟೋ ಸಲ ಆಮೇಲೆ ಕಲಿತ ಭಾಷೆ ಮೊದಲು ಸವೆದು, ಬಾಲ್ಯದ ಭಾಷೆ ಮಾತ್ರ ಉಳಿಯುತ್ತದೆ. ಮುಂಬಯಿಯಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿ ಮರಾಠಿ ಹಿಂದಿ ನೀರು ಕುಡಿದಂತೆ ಆಡಿದವರೂ ಕೊನೆಗೆ ಬರೀ ತುಳುವಿನಲ್ಲೋ ಕುಂದಗನ್ನಡದಲ್ಲೋ ನೀರು ಕೇಳುವ ಸ್ಥಿತಿ ಬರಬಹುದು. ಮಾವಶಿಗೆ ಅದು ಅರ್ಥವಾಗದು. ಹಾಗಾಗಿ ನಮ್ಮಂಥ ವಲಸಿಗರಿಗೆ ವಸತಿಯ ಆಯ್ಕೆಯೆಂದರೆ ಕೊನೆಯ ದಿನಗಳ ಭಾಷೆಯ ಆಯ್ಕೆ. ಮುಂಬಯಿಯ ಕನ್ನಡ, ತುಳು ಸಂಘಗಳು ಹಬ್ಬಕ್ಕೆ, ಸ್ಕಾಲರ್‌ಶಿಪ್ಪಿಗೆ ದುಡಿದಂತೆ, ವಾರಕ್ಕೊಂದು ಸಲ ಇಂಥ ಮನೆಗಳಿಗೆ ಹೋಗಿ ಅವರ ಮಾತಲ್ಲಿ ಒಂದು ಗಂಟೆ ಹರಟುವ ತರುಣರನ್ನು ಸೇರಿಸಿದರೆ, ಅದು ಯಾವ ಸಭಾಂಗಣಕ್ಕಿಂತ ಕಡಿಮೆ?

ಸದ್ಯಕ್ಕೆ ಅಮ್ಮ ಊರಲ್ಲೇ ಇದ್ದಾಳೆ. ಬಚ್ಚಲಿಗೆ ಕಂಬಿ ಹಾಕಿಸಿದ್ದೇವೆ, ರಾತ್ರಿ ಜೊತೆಗೆ ಒಬ್ಬರು ಮಲಗುತ್ತಾರೆ, ಅವರಿಗೆ ಸಂಬಳವೂ ರಜೆಯೂ ಇದೆ. ಜಾರಿ ಬೀಳುವ ಅಪಾಯ ಹೋಗಿಲ್ಲ. ಅದು ಗೊತ್ತಿದ್ದೇ ಅವಳು ಒಪ್ಪಿಕೊಂಡ ಅಪಾಯ. ರಾತ್ರಿ ಫೋನು ಬಂದಾಗ ಎದೆ ಹೊಡೆದುಕೊಳ್ಳುವುದು ನನ್ನ ಪಾಲಿಗೆ ಬಂದದ್ದು. ಎರಡು ತಿಂಗಳಿಗೊಮ್ಮೆ ಮತ್ಸ್ಯಗಂಧಾ ಹತ್ತಿ ಹೋಗಿ, ಮತ್ತೆ ಅದೇ ಪ್ರಶ್ನೆ ಕೇಳುತ್ತೇನೆ. ಉತ್ತರ ಬದಲಾಗಬಹುದು, ಬದಲಾದ ದಿನ ನಾಲ್ಕು ದಾರಿಗಳನ್ನೂ ಮತ್ತೆ ಅವಳ ಮುಂದಿಡಬೇಕು. ಕಳೆದ ಸಲ ಅವಳು ತಿರುಗಿ ಕೇಳಿದಳು, "ನಿಂಗ್ ವಯಸ್ಸಾದ್ಮೇಲೆ ನೀನ್ ಎಲ್ಲಿ ಇರ್ತೆ?" ನನ್ನ ಮಗಳು ಹಿಂದಿಯಲ್ಲಿ ಕನಸು ಕಾಣುವವಳು. ಅವಳಿಗೆ ನಾನು ಈಗಲೇ ಹೇಳಿಡಬೇಕಾದ್ದು ಸಾಕಷ್ಟಿದೆ ಎಂದು ಆಗ ಹೊಳೆಯಿತು.